ಹೊಳಪಿನ ಲೆಕ್ಕ

ನಮ್ಮ ಅಡುಗೆಮನೆಯ ಗೂಡಿನಲ್ಲಿ ಎರಡು ಪಾತ್ರೆಗಳು ಅಕ್ಕಪಕ್ಕದಲ್ಲಿ ಕುಳಿತಿವೆ. ಒಂದು, ಹುಣಿಸೆಹಣ್ಣು ಹಚ್ಚಿ ಬೆಳಗಿದ ಹಿತ್ತಾಳೆಯ ತಂಬಿಗೆ; ಇನ್ನೊಂದು, ಉಪ್ಪು ತುಂಬಿಡುವ ಮಣ್ಣಿನ ಕುಡಿಕೆ. ಗಾತ್ರದಲ್ಲಿ ಎರಡೂ ಹೆಚ್ಚು ಕಡಮೆ ಸಮ. ದುಂಡಗಿರುವುದರಲ್ಲಿಯೂ ಒಂದಕ್ಕೊಂದು ಸೋಲುವುದಿಲ್ಲ. ಎರಡರ ಮೇಲೂ ಬೀಳುವುದು ಅದೇ ಒಂದು ದೀಪದ ಬೆಳಕು. ಆದರೂ ಅವುಗಳ ನಡತೆ ಬೇರೆ ಬೇರೆ. ಕುಡಿಕೆಯ ಮೈಮೇಲೆ ಬೆಳಕು ಮೆಲ್ಲಮೆಲ್ಲನೆ ಕರಗುತ್ತ ಕತ್ತಲಾಗುತ್ತದೆ, ಅಷ್ಟೆ. ತಂಬಿಗೆಯ ಮೈಮೇಲಾದರೋ ಒಂದೇ ಒಂದು ಕಡೆ ಸಾಸಿವೆಯಷ್ಟು ಬಿಳಿಯ ಚುಕ್ಕೆ ಥಳಥಳಿಸುತ್ತದೆ. ನಾನು ಒಂದು ಹೆಜ್ಜೆ ಸರಿದರೆ ಆ ಚುಕ್ಕೆಯೂ ಸರಿಯುತ್ತದೆ. ಕುಡಿಕೆಯ ಬೆಳಕು ಮಾತ್ರ ಕದಲುವುದಿಲ್ಲ.

ಎಷ್ಟೋ ವರ್ಷ ಈ ಎರಡನ್ನೂ ದಿನನಿತ್ಯ ನೋಡಿಯೂ ನಾನು ಇದನ್ನು ಗಮನಿಸಿರಲಿಲ್ಲ. ಗಮನಿಸುವಂತೆ ಮಾಡಿದುದು ತರಗತಿಯಲ್ಲಿ ನಡೆದ ಒಂದು ಸಣ್ಣ ಪ್ರಸಂಗ. ಗಣಕಯಂತ್ರದಿಂದ ಚಿತ್ರ ಬರೆಯಿಸುವ ವಿದ್ಯೆಯನ್ನು ಕಲಿಸುವುದು ನನ್ನ ಕಸುಬು. ಆ ವಿದ್ಯೆಯಲ್ಲಿ ‘ಫಾಂಗ್’ ಎಂಬ ಹೆಸರಿನ ಒಂದು ಸೂತ್ರವಿದೆ. ವಸ್ತುವಿನ ಮೇಲಿನ ಪ್ರತಿಯೊಂದು ಬಿಂದುವೂ ಎಷ್ಟು ಬೆಳಗಾಗಿ ಕಾಣಬೇಕೆಂಬುದನ್ನು ಅದು ಹೇಳುತ್ತದೆ. ವರ್ಷಕ್ಕೊಮ್ಮೆ ಅದನ್ನು ಕಪ್ಪುಹಲಗೆಯ ಮೇಲೆ ಬರೆದು, ವಿವರಿಸಿ, ಅಳಿಸುತ್ತಿದ್ದೆ. ಒಂದು ದಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಫಾಂಗ್ ಎಂದರೆ ಏನರ್ಥ?” ಎಂದು ಕೇಳಿದಳು.

“ಅರ್ಥ ಏನೂ ಇಲ್ಲಮ್ಮ, ಅದೊಂದು ಹೆಸರು” ಎಂದೆ.

“ಯಾರ ಹೆಸರು ಸರ್?”

“ಅದನ್ನು ಕಂಡುಹಿಡಿದವರದು.”

“ಅವರು ಯಾರು?”

ನನಗೆ ಗೊತ್ತಿರಲಿಲ್ಲ. “ನಾಳೆ ಹೇಳುತ್ತೇನೆ, ಕುಳಿತುಕೊ” ಎಂದೆ. ಉತ್ತರ ತಿಳಿಯದ ಉಪಾಧ್ಯಾಯರೆಲ್ಲ ಬಿಚ್ಚಿಕೊಳ್ಳುವ ಹಳೆಯ ಕೊಡೆ ಅದು. ಆದರೆ ಅಂದು ಮನೆಗೆ ನಡೆದು ಬರುವಾಗ ನನಗೆ ನಿಜಕ್ಕೂ ನಾಚಿಕೆಯಾಯಿತು. ಒಬ್ಬ ಮನುಷ್ಯನ ಬುದ್ಧಿಯ ಫಲವನ್ನು ವರ್ಷ ವರ್ಷವೂ ಉಂಡು, ಅವನು ಯಾವ ಊರಿನವನು, ಬದುಕಿರುವನೋ ಇಲ್ಲವೋ ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ‘ನಾಳೆ’ ಎಂದದ್ದು ಕೆಲವು ವಾರಗಳೇ ಆದವು. ಹುಡುಕುತ್ತ ಹೋದಂತೆ ತಿಳಿದುಬಂದುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆತನ ಪೂರ್ಣ ಹೆಸರು ಬುಯಿ ಟುವೊಂಗ್ ಫಾಂಗ್. ವಿಯೆಟ್ನಾಂ ದೇಶದವನು, 1942ರಲ್ಲಿ ಹನಾಯಿ ನಗರದಲ್ಲಿ ಹುಟ್ಟಿದನು. 1954ರಲ್ಲಿ ಆ ದೇಶ ಉತ್ತರ ದಕ್ಷಿಣವೆಂದು ಇಬ್ಭಾಗವಾದಾಗ ಹುಡುಗನಿಗೆ ಹನ್ನೆರಡು ವರ್ಷವೂ ತುಂಬಿರಲಿಲ್ಲ. ಅದೇ ವರ್ಷ ಆತ ದಕ್ಷಿಣದ ಸೈಗಾನಿಗೆ ಬಂದನು. ಮುಂದೆ 1964ರಲ್ಲಿ ಓದಿಗಾಗಿ ಫ್ರಾನ್ಸ್ ದೇಶಕ್ಕೆ ಹೋಗಿ, ಎಂಜಿನಿಯರ್ ಪದವಿ ಪಡೆದು, ಅಲ್ಲಿಯ ಸರಕಾರಿ ಸಂಶೋಧನಾಲಯವೊಂದರಲ್ಲಿ ಗಣಕಯಂತ್ರಗಳ ಮೇಲೆ ಕೆಲಸ ಮಾಡಿದನು. 1971ರಲ್ಲಿ ಮತ್ತೊಂದು ಕಡಲನ್ನು ದಾಟಿ ಅಮೆರಿಕದ ಯೂಟಾ ವಿಶ್ವವಿದ್ಯಾಲಯವನ್ನು ಸೇರಿದನು. ಇಪ್ಪತ್ತೊಂಬತ್ತು ತುಂಬುವುದರೊಳಗೆ ಹಲವು ಊರು, ಮೂರು ಭಾಷೆ.

ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿ ವಿಚಿತ್ರವಾದ ನೆಲೆಯಲ್ಲಿರುವ ಊರು. ಒಂದು ಕಡೆ ಹಿಮ ಹೊದ್ದ ವಾಸಾಚ್ ಪರ್ವತಗಳು, ಇನ್ನೊಂದು ಕಡೆ ಕಡಲಿಗಿಂತಲೂ ಉಪ್ಪಾದ ನೀರಿನ ಮಹಾಸರೋವರ. ವಿದ್ಯಾಕೇಂದ್ರಗಳೆಂದು ಹೆಸರಾದ ಅಮೆರಿಕದ ಪೂರ್ವ ಪಶ್ಚಿಮ ತೀರಗಳೆರಡಕ್ಕೂ ಅದು ದೂರ. ಆ ಊರಿನವನೇ ಆದ ಡೇವಿಡ್ ಇವಾನ್ಸ್ ಎಂಬ ಪ್ರಾಧ್ಯಾಪಕ 1965ರಲ್ಲಿ ಅಲ್ಲಿಗೆ ಮರಳಿ ಬಂದು ಗಣಕವಿಜ್ಞಾನದ ವಿಭಾಗವನ್ನು ಕಟ್ಟಿದನು. ಎಲ್ಲರೂ ಮಾಡುವುದನ್ನೆಲ್ಲ ತಾವೂ ಮಾಡಹೊರಟರೆ ಸಣ್ಣ ವಿಭಾಗ ಸಣ್ಣದಾಗಿಯೇ ಉಳಿಯುತ್ತದೆ. ಒಂದೇ ವಿಷಯವನ್ನು ಹಿಡಿದು ಆಳಕ್ಕೆ ಅಗೆಯಬೇಕು. ಗಣಕಯಂತ್ರದಿಂದ ಚಿತ್ರ ಬರೆಯಿಸುವುದೇ ಆ ವಿಭಾಗ ಹಿಡಿದ ವಿಷಯವಾಯಿತು. 1963ರಲ್ಲಿಯೇ ಯಂತ್ರದ ಪರದೆಯ ಮೇಲೆ ಬೆಳಕಿನ ಲೇಖನಿಯಿಂದ ಗೆರೆ ಎಳೆದು ತೋರಿಸಿ ಹೆಸರಾಗಿದ್ದ ಐವಾನ್ ಸದರ್ಲ್ಯಾಂಡ್ 1968ರಲ್ಲಿ ಅವನ ಜೊತೆಗೂಡಿದನು. ಅಮೆರಿಕದ ರಕ್ಷಣಾ ಇಲಾಖೆಯ ಹಣ ದೊರೆಯಿತು. ದೇಶವಿದೇಶಗಳಿಂದ ತರುಣರು ಬಂದು ನೆರೆದರು.

ಆ ತರುಣರ ದಿನಚರಿಯನ್ನು ಓದಿದಾಗ ನನಗೆ ನಗುವೂ ಬಂದಿತು, ಅಸೂಯೆಯೂ ಆಯಿತು. ಸಂಶೋಧನೆಯೆಂದರೆ ಬಿಳಿಯ ಅಂಗಿ ತೊಟ್ಟು ಗಾಜಿನ ಬಾಗಿಲ ಹಿಂದೆ ಮೌನವಾಗಿ ಕುಳಿತಿರುವುದೆಂದು ನಾವು ಕಲ್ಪಿಸಿಕೊಳ್ಳುತ್ತೇವೆ. ಇವರು ಮಾಡುತ್ತಿದ್ದುದನ್ನು ಕೇಳಿ. 1972ರಲ್ಲಿ ಒಂದು ನಿಜವಾದ ವಸ್ತುವನ್ನು ಪೂರ್ತಿಯಾಗಿ ಯಂತ್ರದೊಳಗೆ ಇಳಿಸಬೇಕೆಂದು ಸದರ್ಲ್ಯಾಂಡನ ತರಗತಿ ಹೊರಟಿತು. ಯಂತ್ರಕ್ಕೆ ಕಣ್ಣಿಲ್ಲ, ಅದಕ್ಕೆ ಬೇಕಾದುದು ಅಂಕಿಗಳು. ಸರಿ, ಸದರ್ಲ್ಯಾಂಡನ ಹೆಂಡತಿಯ ಫೋಕ್ಸ್‌ವ್ಯಾಗನ್ ಕಾರು ಸಿಕ್ಕಿತು. ಜೀರುಂಡೆಯಂತೆ ದುಂಡು ಬೆನ್ನಿನ ಕಾರು ಅದು. ವಿದ್ಯಾರ್ಥಿಗಳು ಅದರ ಮೈಮೇಲೆಲ್ಲ ಗೆರೆಗಳನ್ನೆಳೆದು, ಅಳತೆಗೋಲು ಹಿಡಿದು, ಒಂದೊಂದು ಬಿಂದುವೂ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ಎತ್ತರದಲ್ಲಿದೆಯೆಂದು ಅಳೆದು ಬರೆದುಕೊಂಡರು. ಹೊಲ ಅಳೆಯುವ ಶಾನುಭೋಗರು ಕಾರು ಅಳೆಯಲು ಬಂದಂತೆ! ಆ ಗುಂಪಿನಲ್ಲಿ ಫಾಂಗ್ ಕೂಡ ಒಬ್ಬನಾಗಿದ್ದನು. ಅದಕ್ಕೂ ಮೊದಲು ಹೆನ್ರಿ ಗುರೋ ಎಂಬ ಫ್ರೆಂಚ್ ವಿದ್ಯಾರ್ಥಿ ತನ್ನ ಹೆಂಡತಿಯ ಮುಖದ ಮೇಲೆಯೇ ಗೆರೆಗಳನ್ನೆಳೆದು ಅಳತೆ ಮಾಡಿದ್ದನು. ಆಮೇಲೆ 1975ರಲ್ಲಿ ಮಾರ್ಟಿನ್ ನ್ಯೂಯೆಲ್ ಎಂಬ ಸಂಶೋಧಕ ಯಾವ ವಸ್ತುವಿನ ಚಿತ್ರ ಬರೆಯಿಸಲೆಂದು ತಲೆ ಕೆಡಿಸಿಕೊಂಡಿದ್ದಾಗ, ಚಹಾ ಕುಡಿಯುತ್ತಿದ್ದ ಅವನ ಹೆಂಡತಿ ಎದುರಿಗಿದ್ದ ಚಹಾದ ಕೆಟಲನ್ನೇ ತೋರಿಸಿದಳಂತೆ. ಆ ಕೆಟಲು ಈ ವಿದ್ಯೆಯ ಕುಲದೇವತೆಯೇ ಆಗಿಬಿಟ್ಟಿತು. ಅದನ್ನು ಬರೆಯಿಸದ ವಿದ್ಯಾರ್ಥಿ ವಿರಳ. ಒಬ್ಬಾಕೆಯ ಮುಖ, ಒಬ್ಬಾಕೆಯ ಕಾರು, ಒಬ್ಬಾಕೆಯ ಕೆಟಲು! ಈ ವಿದ್ಯೆಯ ಚರಿತ್ರೆಯನ್ನು ಬರೆಯುವವರು ಗೃಹಿಣಿಯರ ಪಾಲನ್ನು ಇನ್ನೂ ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಂಡಿಲ್ಲವೆಂದು ನನಗೆ ತೋರುತ್ತದೆ.

ಅಳತೆ ಮುಗಿದರೆ ಚಿತ್ರ ಮುಗಿಯಲಿಲ್ಲ. ನಿಜವಾದ ತೊಡಕು ಅಲ್ಲಿಂದಲೇ ಪ್ರಾರಂಭ. ಅಳೆದ ಬಿಂದುಗಳನ್ನು ಗೆರೆಗಳಿಂದ ಜೋಡಿಸಿದರೆ ದೊರೆಯುವುದು ಚಪ್ಪಟೆಯಾದ ತುಣುಕುಗಳು: ತ್ರಿಕೋನಗಳು, ಚತುರ್ಭುಜಗಳು. ಒಂದೊಂದು ತುಣುಕಿಗೂ ಒಂದೊಂದು ಛಾಯೆ ಬಳಿದರೆ ದುಂಡು ವಸ್ತು ದುಂಡಾಗಿ ಕಾಣದೆ, ಉಳಿಯಿಂದ ಕೆತ್ತಿ ಹಾಗೆಯೇ ಬಿಟ್ಟ ಮರದ ತುಂಡಿನಂತೆ ಮೂಲೆಮೂಲೆಯಾಗಿ ಕಾಣುತ್ತದೆ. 1971ರಲ್ಲಿ ಗುರೋ ಇದಕ್ಕೆ ಒಂದು ಉಪಾಯ ಹೂಡಿದನು. ತುಣುಕಿನ ಮೂಲೆಗಳಲ್ಲಿ ಮಾತ್ರ ಬೆಳಕಿನ ಲೆಕ್ಕ ಮಾಡಿ, ನಡುವಣ ಜಾಗಕ್ಕೆ ಒಂದು ಮೂಲೆಯ ಛಾಯೆಯಿಂದ ಇನ್ನೊಂದು ಮೂಲೆಯ ಛಾಯೆಗೆ ಹಂತಹಂತವಾಗಿ ಇಳಿಸುತ್ತ ಹೋಗುವುದು. ಮೂಲೆಗಳು ಬಹುಮಟ್ಟಿಗೆ ಮಾಯವಾದವು. ಆದರೆ ಪೂರ್ತಿ ಮಾಯವಾಗಲಿಲ್ಲ. ನಮ್ಮ ಕಣ್ಣು ಬಲು ಚಾಡಿಕೋರ. ಛಾಯೆಯ ಇಳಿತ ಎಲ್ಲಿ ಥಟ್ಟನೆ ಬದಲಾಗುವುದೋ ಅಲ್ಲಿ ಇಲ್ಲದ ಪಟ್ಟೆಯೊಂದನ್ನು ಕಲ್ಪಿಸಿಕೊಂಡು ತೋರಿಸುತ್ತದೆ. ಅರ್ನ್ಸ್ಟ್ ಮಾಖ್ ಎಂಬ ವಿಜ್ಞಾನಿ 1865ರಷ್ಟು ಹಿಂದೆಯೇ ಇದನ್ನು ವಿವರಿಸಿದ್ದನು. ಅದೂ ಅಲ್ಲದೆ ಗುರೋನ ಚಿತ್ರಗಳಲ್ಲಿ ಇನ್ನೊಂದು ಕೊರತೆಯಿತ್ತು. ಅವನ ವಸ್ತುಗಳೆಲ್ಲ ನಮ್ಮ ಉಪ್ಪಿನ ಕುಡಿಕೆಯ ಜಾತಿಗೆ ಸೇರಿದವು. ತಂಬಿಗೆಯ ಚುಕ್ಕೆ ಅಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಚುಕ್ಕೆ ತುಣುಕಿನ ನಡುವೆ ಬಿದ್ದರೆ, ಮೂಲೆಗಳನ್ನು ಮಾತ್ರ ವಿಚಾರಿಸುವ ಲೆಕ್ಕಕ್ಕೆ ಅದು ಸಿಕ್ಕುವುದಾದರೂ ಹೇಗೆ?

ಫಾಂಗ್ ಕೈಗೆತ್ತಿಕೊಂಡುದು ಈ ಚುಕ್ಕೆಯನ್ನು. ಆತನ ಆಲೋಚನೆಯಲ್ಲಿ ಎರಡು ಎಳೆಗಳಿವೆ. ಮೇಲ್ಮೈಯ ಒಂದು ಬಿಂದುವಿನಲ್ಲಿ ನೆಟ್ಟಗೆ ಹೊರಕ್ಕೆ ಚಾಚಿದ ಒಂದು ಲಂಬರೇಖೆಯನ್ನು ಊಹಿಸಿಕೊಳ್ಳಿ. ಕಡಬಿನ ಮೇಲೆ ಚುಚ್ಚಿದ ಕಡ್ಡಿಯಂತೆ. ಆ ಬಿಂದು ಯಾವ ಕಡೆಗೆ ಮುಖ ಮಾಡಿದೆಯೆಂಬುದನ್ನು ಆ ರೇಖೆ ತಿಳಿಸುತ್ತದೆ. ಗುರೋ ಮೂಲೆಯಿಂದ ಮೂಲೆಗೆ ಛಾಯೆಯನ್ನು ಹಂತಹಂತವಾಗಿ ಬದಲಿಸಿದನಷ್ಟೆ? ಫಾಂಗ್ ಬದಲಿಸಿದುದು ಛಾಯೆಯನ್ನಲ್ಲ, ಈ ಲಂಬರೇಖೆಯ ದಿಕ್ಕನ್ನು. ಆಗ ತುಣುಕು ನಿಜವಾಗಿ ಚಪ್ಪಟೆಯಾಗಿದ್ದರೂ ಅದರ ಮೇಲಿನ ಒಂದೊಂದು ಬಿಂದುವೂ ತಾನು ದುಂಡು ವಸ್ತುವಿನ ಮೇಲಿದ್ದೇನೆಂದು ನಂಬಿಕೊಂಡು ನಡೆಯುತ್ತದೆ. ಪ್ರತಿ ಬಿಂದುವಿನಲ್ಲಿಯೂ ಬೆಳಕಿನ ಲೆಕ್ಕವನ್ನು ಹೊಸದಾಗಿ ಮಾಡಬೇಕು. ಅಡ್ಡಕ್ಕೆ 512, ಉದ್ದಕ್ಕೆ 512 ಬಿಂದುಗಳ ಚಿತ್ರವಾದರೆ ಅದು 2,62,144 ಲೆಕ್ಕ. ಆ ದಿನಗಳಲ್ಲಿ ಇದು ದುಬಾರಿಯೇ ಸರಿ. ಕೋಣೆಯನ್ನೇ ತುಂಬುವ ಯಂತ್ರ. ಅದನ್ನು ಬಳಸಲು ಸರದಿ. ಪರದೆಯ ಮೇಲೆ ಗೆರೆಗೆರೆಯಾಗಿ ಮೂಡುವ ಬೆಳಕನ್ನು ಕ್ಯಾಮರಾದ ಫಿಲ್ಮಿನ ಮೇಲೆ ಸೆರೆಹಿಡಿದು, ಅದನ್ನು ತೊಳೆದು ನೋಡುವವರೆಗೆ ಚಿತ್ರ ಕೆಟ್ಟಿದೆಯೋ ಸರಿಯಾಗಿದೆಯೋ ತಿಳಿಯುವಂತಿಲ್ಲ.

ಎರಡನೆಯ ಎಳೆ ಹೊಳಪಿನದು. ಒಂದು ಬಿಂದುವಿನಿಂದ ಹೊರಡುವ ಬೆಳಕನ್ನು ಫಾಂಗ್ ಮೂರು ಪಾಲಾಗಿ ನೋಡಿದನು. ದೀಪಕ್ಕೆ ಮರೆಯಾದ ಕಡೆಯೂ ಪೂರ್ತಿ ಕಪ್ಪಾಗದಂತೆ ಎಲ್ಲೆಲ್ಲೂ ಹರಡಿರುವ ಮಂದ ಬೆಳಕು ಒಂದು. ಬಿಂದುವು ದೀಪದ ಕಡೆಗೆ ಎಷ್ಟು ಮುಖ ಮಾಡಿದೆಯೋ ಅಷ್ಟಕ್ಕೆ ತಕ್ಕಂತೆ ಸಿಗುವ ಬೆಳಕು ಇನ್ನೊಂದು. ಇದು ಲ್ಯಾಂಬರ್ಟ್ ಎಂಬ ಗಣಿತಜ್ಞ 1760ರಲ್ಲಿ ಹೇಳಿದ ನಿಯಮ, ನಮ್ಮ ಕುಡಿಕೆ ಇದನ್ನು ಪಾಲಿಸುತ್ತದೆ. ಮೂರನೆಯದೇ ತಂಬಿಗೆಯ ಚುಕ್ಕೆ. ಕನ್ನಡಿಯಲ್ಲಾದರೆ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ. ನೋಡುವ ಕಣ್ಣು ಸರಿಯಾಗಿ ಆ ದಿಕ್ಕಿನಲ್ಲಿದ್ದರೆ ಬೆಲೆ 1 ಎನ್ನೋಣ. ಕಣ್ಣು 20 ಡಿಗ್ರಿ ಪಕ್ಕಕ್ಕೆ ಸರಿದರೆ ತ್ರಿಕೋನಮಿತಿಯ ಪ್ರಕಾರ ಆ ಬೆಲೆ 0.94, 90 ಡಿಗ್ರಿಗೆ ಸೊನ್ನೆ. ಈಗ ಆ 0.94ನ್ನು ಹತ್ತನೆಯ ಘಾತಕ್ಕೆ ಏರಿಸಿ: 0.54ಕ್ಕೆ ಇಳಿಯುತ್ತದೆ. ಐವತ್ತನೆಯ ಘಾತಕ್ಕೆ ಏರಿಸಿದರೆ 0.05ನ್ನೂ ಮುಟ್ಟುವುದಿಲ್ಲ. ಆದರೆ 1 ಎಷ್ಟು ಘಾತಕ್ಕೆ ಏರಿಸಿದರೂ 1ಆಗಿಯೇ ಉಳಿಯುತ್ತದೆ. ಹೀಗೆ ಘಾತದ ಅಂಕಿ ಹೆಚ್ಚಿದಂತೆ ನಡುವಣ ಬೆಳಕು ಹಾಗೆಯೇ ಉಳಿದು ಸುತ್ತಣ ಬೆಳಕು ಕುಗ್ಗಿ, ದೊಡ್ಡ ಮಬ್ಬು ಕಲೆ ಸಾಸಿವೆಯಷ್ಟು ಚುಕ್ಕೆಯಾಗುತ್ತದೆ. ಒಂದು ಅಂಕಿಯನ್ನು ಬದಲಿಸಿದರೆ ಸಾಕು, ಮಾಸಿದ ತಂಬಿಗೆ ಬೆಳಗಿದ ತಂಬಿಗೆಯಾಗುತ್ತದೆ. ಹುಣಿಸೆಹಣ್ಣಿನ ಕೆಲಸವನ್ನು ಘಾತಾಂಕ ಮಾಡುತ್ತದೆ.

ಭೌತವಿಜ್ಞಾನದ ಕಟ್ಟುನಿಟ್ಟಿನಿಂದ ನೋಡಿದರೆ ಈ ಸೂತ್ರ ಸರಿಯಲ್ಲ. ಬೆಳಕು ಲೋಹದ ಮೇಲೆ ಹೀಗೆಯೇ ಚದುರುತ್ತದೆಂದು ಯಾವ ನಿಯಮವೂ ಹೇಳುವುದಿಲ್ಲ. ಫಾಂಗನಿಗೆ ಇದು ತಿಳಿದಿತ್ತು. ನಿಜವಾದ ವಸ್ತುವನ್ನು ಇದ್ದಕ್ಕಿದ್ದ ಹಾಗೆ ತೋರಿಸುವ ಭರವಸೆ ತನಗಿಲ್ಲವೆಂದೂ, ನಿಜವೆನ್ನಿಸುವಷ್ಟು ಹತ್ತಿರ ಬಂದರೆ ಸಾಕೆಂಬುದೇ ತನ್ನ ಆಸೆಯೆಂದೂ ಆತ ತನ್ನ ಬರವಣಿಗೆಯಲ್ಲಿ ಒಪ್ಪಿಕೊಂಡಿದ್ದಾನೆ. ನನಗೆ ಬಹಳ ಇಷ್ಟವಾದುದು ಈ ಮಾತು. ತಾನು ಮಾಡಿದುದಕ್ಕಿಂತ ಹೆಚ್ಚನ್ನು ಮಾಡಿದೆನೆಂದು ಹೇಳಿಕೊಳ್ಳುವ ಚಪಲ ನಮ್ಮ ವೃತ್ತಿಯಲ್ಲಿ ಕಡಮೆಯೇನಿಲ್ಲ. ತಾನು ಎಲ್ಲಿ ನಿಂತೆನೆಂದು ಗೆರೆ ಎಳೆದು ತೋರಿಸಿದ ಸೂತ್ರವೇ ಹೆಚ್ಚು ಕಾಲ ಬಾಳಿತು. ಅದೇ ವಿಭಾಗದ ಜಿಮ್ ಬ್ಲಿನ್ 1977ರಲ್ಲಿ ಅದನ್ನು ಸ್ವಲ್ಪ ತಿದ್ದಿದನು. ಮುಂದೆ ಎಷ್ಟೋ ನಿಖರವಾದ ವಿಧಾನಗಳು ಬಂದವು. ಆದರೂ ಬೆಳಕಿನ ಲೆಕ್ಕವನ್ನು ಮೊದಲ ಸಲ ಕಲಿಯುವವರಿಗೆ ಈಗಲೂ ಕಲಿಸುವುದು ಇದನ್ನೇ.

1973ರಲ್ಲಿ ಫಾಂಗ್ ತನ್ನ ಮಹಾಪ್ರಬಂಧವನ್ನು ಒಪ್ಪಿಸಿ ಡಾಕ್ಟರೇಟ್ ಪದವಿ ಪಡೆದನು. ಯೂಟಾಕ್ಕೆ ಬಂದು ಎರಡು ವರ್ಷವಾಗಿತ್ತು, ಅಷ್ಟೆ. ಇಷ್ಟು ತ್ವರೆ ಏಕೆಂದು ನಾನು ಮೊದಲು ಅಚ್ಚರಿಪಟ್ಟೆ. ಆಮೇಲೆ ಓದಿದ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. ತನಗೆ ಗುಣವಾಗದ ಕಾಯಿಲೆ ಇದೆಯೆಂದು, ತಾನು ಬಹುಕಾಲ ಬದುಕುವುದಿಲ್ಲವೆಂದು, ವಿದ್ಯಾರ್ಥಿಯಾಗಿದ್ದಾಗಲೇ ಆತನಿಗೆ ತಿಳಿದಿತ್ತೆಂದು ಸದರ್ಲ್ಯಾಂಡನೂ ಗೆಳೆಯರೂ ನೆನೆದಿದ್ದಾರೆ. ಮನೆಯಲ್ಲಿ ಹೆಂಡತಿ, ಒಬ್ಬಳು ಎಳೆಯ ಮಗಳು. ಹುಟ್ಟಿದ ದೇಶದಲ್ಲಿ ಮುಗಿಯದ ಯುದ್ಧ.

ಸಾವು ಹತ್ತಿರವಾದವನಿಗೆ ಬೆಳಕಿನ ಬೆಲೆ ತಿಳಿಯಿತೆಂದು, ಅದರಿಂದಲೇ ಬೆಳಕಿನ ಸೂತ್ರ ಹೊಳೆಯಿತೆಂದು ಇಲ್ಲಿ ಸುಂದರವಾಗಿ ಬರೆಯಬಹುದು. ನಾನು ಬರೆಯಲಾರೆ, ಏಕೆಂದರೆ ನಾನು ಅದನ್ನು ನಂಬುವುದಿಲ್ಲ. ಕಾಯಿಲೆ ಯಾರಿಗೂ ಗಣಿತವನ್ನು ಕಲಿಸುವುದಿಲ್ಲ. ಆಯಾಸ, ನೋವು, ಆಸ್ಪತ್ರೆಯ ಅಲೆದಾಟ ಇವಿಷ್ಟನ್ನೇ ಅದು ಕೊಡುವುದು. ಅವೆಲ್ಲ ಇದ್ದೂ ಆತ ಮರುದಿನ ಬೆಳಗ್ಗೆ ಎದ್ದು, ತನ್ನ ಸರದಿ ಬಂದಾಗ ಯಂತ್ರದ ಮುಂದೆ ಕುಳಿತು, ತಪ್ಪಿದ ಲೆಕ್ಕವನ್ನು ಮತ್ತೊಮ್ಮೆ ಮಾಡಿದನಲ್ಲ! ಅಲ್ಪಾಯುವೆಂದು ತಿಳಿದವನು ಮಾಡಲೇಬೇಕಾದ ಕೆಲಸವೆಂದು ಲೋಕ ಒಪ್ಪುವಂಥದೇನೂ ಅದಲ್ಲ. ಗೋಲದ ಮೇಲಿನ ಒಂದು ಚುಕ್ಕೆ ಸರಿಯಾಗಿ ಹೊಳೆಯದೆ ಹೋಗಿದ್ದರೆ ಯಾರೂ ಆತನನ್ನು ದೂರುತ್ತಿರಲಿಲ್ಲ. ಆತ ಅದನ್ನು ಸರಿಪಡಿಸಿಯೇ ಎದ್ದನು.

ಮುಂದೆ ಆತ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯವನ್ನು ಸೇರಿದನು. 1975ರ ಏಪ್ರಿಲ್ ಕೊನೆಯಲ್ಲಿ, ಆತ ಬಾಲ್ಯವನ್ನು ಕಳೆದ ಸೈಗಾನ್ ಉತ್ತರದ ಸೇನೆಯ ವಶವಾಯಿತು, ಯುದ್ಧ ಮುಗಿಯಿತು. ಅದೇ ವರ್ಷ ಜೂನ್ ತಿಂಗಳಲ್ಲಿ ಅಮೆರಿಕದ ಗಣಕವಿಜ್ಞಾನಿಗಳ ಸಂಘದ ಪತ್ರಿಕೆಯಲ್ಲಿ ಆತನ ಲೇಖನ ಅಚ್ಚಾಯಿತು. ಏಳೇ ಪುಟ. ಅದೇ ವರ್ಷ, ಮೂವತ್ತಮೂರು ತುಂಬುವ ಮೊದಲೇ, ಫಾಂಗ್ ತೀರಿಕೊಂಡನು.

ಆತನ ಜೊತೆಯವರ ಕಥೆಗಳು ಎಲ್ಲರಿಗೂ ಗೊತ್ತಿರುವಂಥವು. ಕಾರು ಅಳೆದ ಗೆಳೆಯರಲ್ಲಿ ಒಬ್ಬನಾದ ಜಿಮ್ ಕ್ಲಾರ್ಕ್ ಚಿತ್ರ ಬರೆಯುವ ಯಂತ್ರಗಳ ದೊಡ್ಡ ಕಂಪನಿಯನ್ನೇ ಕಟ್ಟಿದನು. 1972ರಲ್ಲಿ ತನ್ನ ಎಡಗೈಯನ್ನೇ ಯಂತ್ರದೊಳಗೆ ಇಳಿಸಿ ಚಲಿಸುವ ಚಿತ್ರ ಮಾಡಿದ ಎಡ್ ಕ್ಯಾಟ್‌ಮುಲ್ ಮುಂದೆ ಪಿಕ್ಸಾರ್ ಸಂಸ್ಥೆಯನ್ನು ಕಟ್ಟಿದವರಲ್ಲಿ ಒಬ್ಬನಾಗಿ, ಮಕ್ಕಳ ಸಿನಿಮಾಗಳಿಂದ ಲೋಕವನ್ನು ನಗಿಸಿ ಅಳಿಸಿದನು. 2019ರ ಟ್ಯೂರಿಂಗ್ ಪ್ರಶಸ್ತಿಯಲ್ಲಿ ಅವನಿಗೂ ಪಾಲು ಬಂದಿತು. ಫಾಂಗನ ಪಾಲಿಗೆ ಬಂದುದು ಹೆಸರು ಮಾತ್ರ. ಅದೂ ಪೂರ್ತಿಯಲ್ಲ. ವಿಯೆಟ್ನಾಮಿನವರು ವಂಶದ ಹೆಸರನ್ನು ಮೊದಲು ಇಟ್ಟುಕೊಳ್ಳುತ್ತಾರೆ. ‘ಬುಯಿ’ ಎಂಬುದೇ ಆತನ ಮನೆತನ. ಕೊನೆಯ ತುಂಡನ್ನು ಮನೆತನದ ಹೆಸರೆಂದು ತಿಳಿಯುವುದು ಪಾಶ್ಚಾತ್ಯರ ರೂಢಿ. ಆದರೆ ಆತನ ನಾಡಿನಲ್ಲಿ, ನಮ್ಮಲ್ಲಿಯ ಹಾಗೆಯೇ, ಒಬ್ಬರನ್ನು ಕರೆಯುವುದು ಮನೆತನದಿಂದಲ್ಲ, ಅವರಿಗೆಂದು ಇಟ್ಟ ಹೆಸರಿನಿಂದ. ಹಾಗಾಗಿ ಲೋಕದ ವಿಜ್ಞಾನಿಗಳೆಲ್ಲ ಆತನನ್ನು ಮನೆಯವರ ಹಾಗೆ ‘ಫಾಂಗ್’ ಎನ್ನುತ್ತಿದ್ದಾರೆ.

ನಾನು ಇಷ್ಟನ್ನೂ ತರಗತಿಯಲ್ಲಿ ಹೇಳಿದೆ. ಕಪ್ಪುಹಲಗೆಯ ಮೇಲೆ ಸೂತ್ರದ ಮೇಲ್ಗಡೆ ಪೂರ್ತಿ ಹೆಸರನ್ನೂ, 1942–1975 ಎಂಬ ಅಂಕಿಗಳನ್ನೂ ಬರೆದೆ. ಆ ಅಂಕಿಗಳ ವ್ಯವಕಲನವನ್ನು ಮನಸ್ಸಿನಲ್ಲಿಯೇ ಮಾಡಿಕೊಂಡವರ ಮುಖಗಳು ನನಗೆ ಕಾಣುತ್ತಿದ್ದವು. ಯಾರೂ ಮಾತನಾಡಲಿಲ್ಲ.

ಅಂದು ಮಧ್ಯಾಹ್ನ ಪ್ರಯೋಗಶಾಲೆಯಲ್ಲಿ ಅಭ್ಯಾಸವಿತ್ತು. ಒಂದು ಗೋಲವನ್ನು ಬರೆಯಿಸಿ ಅದಕ್ಕೆ ಹೊಳಪು ಕೊಡಬೇಕು. ಪ್ರಶ್ನೆ ಕೇಳಿದ ಹುಡುಗಿಯ ಹಿಂದೆ ಹೋಗಿ ನಿಂತೆ. ಕೆಂಪು ಗೋಲವೊಂದು ಪರದೆಯ ಮೇಲೆ ಆಗಲೇ ಮೂಡಿತ್ತು. ಆಕೆ ಘಾತಾಂಕವನ್ನು 50 ಎಂದು ಕೊಟ್ಟಳು. ಗೋಲದ ಎಡಮೂಲೆಯಲ್ಲಿ ಸಣ್ಣ ಬಿಳಿಯ ಚುಕ್ಕೆ ಎದ್ದಿತು. 10 ಎಂದಳು; ಚುಕ್ಕೆ ಅಗಲವಾಯಿತು. 1 ಎಂದಳು; ಅದು ಗೋಲದ ಮೈಮೇಲೆಲ್ಲ ಹರಡಿ ಚುಕ್ಕೆಯೆಂಬುದೇ ಇಲ್ಲವಾಯಿತು. ಸ್ವಲ್ಪ ಹೊತ್ತು ಹಾಗೆಯೇ ನೋಡುತ್ತಿದ್ದು ಮತ್ತೆ 50 ಎಂದು ಒತ್ತಿದಳು. ಗಂಟೆ ಹೊಡೆಯಿತು. ಉಳಿದವರೆಲ್ಲ ಚೀಲಗಳನ್ನು ಹೆಗಲಿಗೇರಿಸಿಕೊಂಡು ಹೊರಟರು. ಆಕೆ ದೀಪವನ್ನು ಎಡದಿಂದ ಬಲಕ್ಕೆ ಸರಿಸಿ ಚುಕ್ಕೆ ಹಿಂಬಾಲಿಸುವುದನ್ನು ನೋಡುತ್ತ ಕುಳಿತಿದ್ದಳು.